ಹತ್ತು ಕಂಪ್ಯೂಟರಿನ ಆಫೀಸಿಗೆ ಒಂದೇ ಲಾಗಿನ್: ಸಾಂಬಾ ಡೊಮೇನ್ ಕಟ್ಟುವುದು ಹೇಗೆ

ನಾನು ನೋಡಿಕೊಳ್ಳುತ್ತಿದ್ದ ಒಂದು ಆಫೀಸಿನಲ್ಲಿ 11 ಕಂಪ್ಯೂಟರ್ ಇದ್ದವು. 11ಕ್ಕೂ ಒಂದೇ ಪಾಸ್‌ವರ್ಡ್. ಕೆಲಸ ಬಿಟ್ಟು ಎಂಟು ತಿಂಗಳಾಗಿದ್ದ ಒಬ್ಬರು ತಮ್ಮ ಫಾರ್ಮ್ 16 ಕೇಳಲು ಬಂದರು. ಅಕೌಂಟ್ಸ್ ನೋಡುವವರು ಊಟಕ್ಕೆ ಹೋಗಿದ್ದರು. ಬಂದವರು ತಮ್ಮ ಹಳೆಯ ಕುರ್ಚಿಯಲ್ಲೇ ಕೂತು, ಹಳೆಯ ಪಾಸ್‌ವರ್ಡ್ ಹೊಡೆದು, ಬೇಕಾದ್ದನ್ನು ಪ್ರಿಂಟ್ ತೆಗೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ಬೇರೇನೂ ಮುಟ್ಟಲಿಲ್ಲ. ಆದರೆ ಅದೇ ಫೋಲ್ಡರಿನಲ್ಲಿ ಎಲ್ಲರ ಸಂಬಳದ ಲೆಕ್ಕವೂ ಇತ್ತು.

ಪಾಸ್‌ವರ್ಡ್ ಯಾಕೆ ಬದಲಿಸಿರಲಿಲ್ಲ? ಬದಲಿಸಬೇಕೆಂದರೆ 11 ಯಂತ್ರಗಳ ಮುಂದೆ ಒಂದೊಂದಾಗಿ ಕೂರಬೇಕಿತ್ತು. ಯಾರಿಗೂ ಅಷ್ಟು ಪುರುಸೊತ್ತು ಇರಲಿಲ್ಲ, ಅಷ್ಟೇ.

ಆಫೀಸಿನಲ್ಲಿ ಹಾಜರಿ ಪುಸ್ತಕ ಒಂದೇ ಇರುತ್ತದೆ ಅಲ್ವಾ? ಮೇಜಿಗೊಂದು ಇಡುವುದಿಲ್ಲ. ಕಂಪ್ಯೂಟರಿನ ಖಾತೆಯೂ ಹಾಗೇ ಇರಬೇಕು. ಖಾತೆ ಮನುಷ್ಯನಿಗೆ ಸೇರಿದ್ದು, ಯಂತ್ರಕ್ಕಲ್ಲ. ಆ ಒಂದು ಪುಸ್ತಕ ಒಂದು ಸರ್ವರಿನಲ್ಲಿದ್ದರೆ ಯಾರು ಯಾವ ಮೇಜಿನಲ್ಲಿ ಕೂತರೂ ತಮ್ಮ ಹೆಸರಿನಲ್ಲೇ ಲಾಗಿನ್ ಆಗುತ್ತಾರೆ. ಈ ಏರ್ಪಾಟಿಗೇ ಡೊಮೇನ್ ಎನ್ನುತ್ತಾರೆ. ಯಾರಾದರೂ ಬಿಟ್ಟು ಹೋದರೆ ಒಂದೇ ಕಡೆ ಹೆಸರು ಮುಚ್ಚಿದರೆ ಸಾಕು.

ಇದು ಎಲ್ಲರಿಗೂ ಬೇಕಾ? ಮೂರು ನಾಲ್ಕು ಕಂಪ್ಯೂಟರ್ ಇದ್ದರೆ ಬೇಡ, ಸುಮ್ನೆ ತಲೆನೋವು. ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಹೊರಗೇ ಓಡಾಡುವ ಆಫೀಸಾದರೆ ಮೈಕ್ರೋಸಾಫ್ಟ್ ಅಥವಾ ಗೂಗಲ್‌ನ ಕ್ಲೌಡ್ ಖಾತೆಯೇ ಒಳ್ಳೆಯದು. ಎಂಟರಿಂದ ಮೂವತ್ತು ಯಂತ್ರ ಒಂದೇ ಕಟ್ಟಡದಲ್ಲಿದ್ದು, ಹೆಚ್ಚಿನವು ವಿಂಡೋಸ್ ಆಗಿದ್ದರೆ ಈ ಲೇಖನ ನಿಮಗೇ ಬರೆದದ್ದು.

ಯಾವ ದಾರಿ

ವಿಂಡೋಸ್ ಲೋಕದಲ್ಲಿ ಈ ಕೆಲಸ ಮಾಡುವುದು ಆಕ್ಟಿವ್ ಡೈರೆಕ್ಟರಿ. ವಿಂಡೋಸ್ 2000ದ ಜೊತೆ ಬಂದದ್ದು. ದುಡ್ಡು ಕೊಡಲು ಆಗುವುದಾದರೆ ವಿಂಡೋಸ್ ಸರ್ವರ್ ಎಸೆನ್ಷಿಯಲ್ಸ್ ಕೊಳ್ಳಬಹುದು. ಅದರ 2022ರ ಆವೃತ್ತಿ 25 ಜನ, 50 ಯಂತ್ರಗಳ ತನಕ ಸಾಕು, ತಲೆಗೊಂದು ಲೈಸೆನ್ಸ್ ಬೇಡ. ಅದಕ್ಕಿಂತ ಮೇಲೆ ಹೋದರೆ ಸ್ಟ್ಯಾಂಡರ್ಡ್ ಆವೃತ್ತಿ ಮತ್ತು ತಲೆಗೊಂದು ಲೈಸೆನ್ಸ್ ಬೇಕು.

ನಾನು ಹೇಳಿಕೊಡುವುದು ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರು ಮಾಡಿದ ಉಚಿತ ತಂತ್ರಾಂಶ. 2012ರ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಯಿಂದ ಅದು ಆಕ್ಟಿವ್ ಡೈರೆಕ್ಟರಿಯ ಕೆಲಸವನ್ನೂ ಮಾಡುತ್ತದೆ. ವಿಂಡೋಸ್ ಯಂತ್ರಗಳಿಗೆ ಎದುರಿಗಿರುವುದು ಲಿನಕ್ಸ್ ಎಂದು ಗೊತ್ತೂ ಆಗುವುದಿಲ್ಲ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಬರೆಯಿರಿ. ಯಂತ್ರಗಳದ್ದು ಒಂದು, ಜನರದ್ದು ಒಂದು.

ಯಂತ್ರದ ಪಟ್ಟಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ವಿಂಡೋಸಿನ ಬಗೆ. ಹೋಮ್ ಆವೃತ್ತಿ ಡೊಮೇನಿಗೆ ಸೇರುವುದೇ ಇಲ್ಲ. ಪ್ರೊ ಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಗೊತ್ತಾಗುತ್ತದೆ. ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಇರುವುದೇ ಜಾಸ್ತಿ. ಈ ಖರ್ಚನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಿ, ಅರ್ಧ ದಾರಿಯಲ್ಲಿ ಹೇಳಿದರೆ ಕೆಲಸ ಅಲ್ಲೇ ನಿಲ್ಲುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದನ್ನೂ ಪಟ್ಟಿಯಲ್ಲಿ ಗುರುತು ಮಾಡಿ.

ಜನರ ಪಟ್ಟಿಯಲ್ಲಿ ಲಾಗಿನ್ ಹೆಸರು ತೀರ್ಮಾನಿಸಿ. ನಮ್ಮಲ್ಲಿ ಒಂದೇ ಆಫೀಸಿನಲ್ಲಿ ಮೂವರು ಮಂಜುನಾಥ್ ಇರುವುದು ಮಾಮೂಲು. ಹಾಗಾಗಿ ಹೆಸರು, ಚುಕ್ಕೆ, ಇನಿಷಿಯಲ್ ಎಂಬ ಪದ್ಧತಿ ಇಟ್ಟುಕೊಳ್ಳಿ. ಒಂದು ಮಿತಿ ಇದೆ: ಲಾಗಿನ್ ಹೆಸರು 20 ಅಕ್ಷರ ದಾಟಬಾರದು. ವೆಂಕಟಸುಬ್ರಹ್ಮಣ್ಯ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದೊಂದೇ 18 ಆಗುತ್ತದೆ. ಚುಕ್ಕೆ ಮತ್ತು ಎರಡು ಇನಿಷಿಯಲ್ ಸೇರಿದರೆ 21. ಅಂಥವರ ಜೊತೆ ಕೂತು, ಅವರಿಗೆ ಒಪ್ಪಿಗೆಯಾಗುವ ಚಿಕ್ಕ ರೂಪ ಕೇಳಿ ಬರೆದುಕೊಳ್ಳಿ. ಕಾಗುಣಿತ ಸಂಬಳದ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರಲಿ.

ಪ್ರತಿ ಹೆಸರಿನ ಮುಂದೆ ಅವರಿಗೆ ಯಾವ ಫೋಲ್ಡರ್ ಬೇಕು ಎಂದು ಬರೆಯಿರಿ. ಇಲ್ಲಿಂದ ಗುಂಪುಗಳು ತಾವಾಗಿಯೇ ಕಾಣಿಸುತ್ತವೆ: ಅಕೌಂಟ್ಸ್, ಸೇಲ್ಸ್, ಸ್ಟೋರ್, ಮಾಲೀಕರು. ಈ ಹಾಳೆಗೆ ನಾನು ಅರ್ಧ ದಿನ ಕೊಡುತ್ತೇನೆ. ಯಾರಿಗೆ ಏನು ಕಾಣಬೇಕು ಎಂದು ಆಫೀಸಿನವರೇ ಯೋಚಿಸಿರುವುದಿಲ್ಲ. ಅದು ನಾವು ತೀರ್ಮಾನಿಸುವ ವಿಷಯವಲ್ಲ, ಕೇಳಲೇಬೇಕು.

ಡೊಮೇನಿನ ಹೆಸರು

ಇದನ್ನು ಆಮೇಲೆ ಬದಲಿಸುವುದು ಬಹಳ ಕಷ್ಟ. ಆಫೀಸಿಗೆ ಸ್ವಂತ ವೆಬ್ ವಿಳಾಸ ಇದ್ದರೆ ಅದರ ಮುಂದೆ ಆಕ್ಟಿವ್ ಡೈರೆಕ್ಟರಿಯ ಚಿಕ್ಕ ರೂಪವಾದ 'ಎಡಿ' ಸೇರಿಸಿ, ಎಡಿ ಡಾಟ್ ನಿಮ್ಮ-ಆಫೀಸು ಡಾಟ್ ಇನ್ ಎಂಬಂತೆ. ಹಳೆಯ ಪಾಠಗಳಲ್ಲಿ ಡಾಟ್ ಲೋಕಲ್ ಎಂದು ಕೊನೆಯಾಗುವ ಹೆಸರು ಕಾಣುತ್ತದೆ. ಅದು ಬೇಡ. ಮ್ಯಾಕ್ ಮತ್ತು ಲಿನಕ್ಸ್ ಯಂತ್ರಗಳು ಡಾಟ್ ಲೋಕಲ್ ಅನ್ನು ಬೇರೆ ಕೆಲಸಕ್ಕೆ ಬಳಸುತ್ತವೆ, ಜಗಳ ಶುರುವಾಗುತ್ತದೆ. ಇದರ ಜೊತೆ 15 ಅಕ್ಷರ ಮೀರದ ಒಂದು ಚಿಕ್ಕ ಹೆಸರೂ ಬೇಕು.

ಸರ್ವರ್ ಸಿದ್ಧ ಮಾಡುವುದು

ದೊಡ್ಡ ಯಂತ್ರ ಬೇಡ. 4 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಇರುವ ಸಾಧಾರಣ ಡೆಸ್ಕ್‌ಟಾಪ್ ಇಷ್ಟು ಜನಕ್ಕೆ ಧಾರಾಳ. ಯುಪಿಎಸ್ ಮಾತ್ರ ಖಂಡಿತ ಬೇಕು, ಕೇಬಲ್ಲಿನಲ್ಲಿ ಸ್ವಿಚ್‌ಗೆ ಸೇರಿರಬೇಕು, ವೈಫೈ ಸಾಲದು. ಅದನ್ನು ಯಾರ ಮೇಜಿನ ಕೆಳಗೂ ಇಡಬೇಡಿ. ಕಸ ಗುಡಿಸುವಾಗ ಪ್ಲಗ್ ಕಳಚಿದರೆ ಇಡೀ ಆಫೀಸು ನಿಲ್ಲುತ್ತದೆ.

ಉಬುಂಟು ಸರ್ವರ್ 24.04 ಹಾಕಿ. ಬದಲಾಗದ ಐಪಿ ವಿಳಾಸ ಕೊಡಿ, ಉದಾಹರಣೆಗೆ 192.168.1.10. ರೌಟರ್ ಹಂಚುವ ವಿಳಾಸಗಳ ಸಾಲಿನಲ್ಲಿ ಅದು ಬರದಂತೆ ನೋಡಿಕೊಳ್ಳಿ. ಈಗ ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲ್ ತೆರೆಯಿರಿ. ಉಬುಂಟು ಅಲ್ಲಿ ಸರ್ವರಿನ ಹೆಸರನ್ನು 127.0.1.1 ಎಂಬ ವಿಳಾಸಕ್ಕೆ ಕಟ್ಟಿರುತ್ತದೆ. ಅದನ್ನು ತೆಗೆದು ನಿಜವಾದ 192.168.1.10 ಬರೆಯಿರಿ. ಹಾಗೇ ಬಿಟ್ಟರೆ ಡೊಮೇನ್ ಎದ್ದ ಹಾಗೆ ಕಾಣುತ್ತದೆ, ಬೇರೆ ಯಂತ್ರಕ್ಕೆ ಮಾತ್ರ ಸಿಗುವುದಿಲ್ಲ. ನಾನು ಇದಕ್ಕೆ ಒಂದು ಸಂಜೆ ಕಳೆದಿದ್ದೇನೆ, ನೀವು ಕಳೆಯುವುದು ಬೇಡ.

ಮುಂದಿನ ಆಜ್ಞೆಗಳನ್ನು ನಾನು ಉಚ್ಚಾರದಲ್ಲಿ ಬರೆಯುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಆಪ್ಟ್ ಮೂಲಕ ಸಾಂಬಾ-ಎಡಿ-ಡಿಸಿ ಮತ್ತು ಕೆಆರ್‌ಬಿ5-ಯೂಸರ್ ಎಂಬ ಎರಡು ಪ್ಯಾಕೇಜ್ ಹಾಕಿಕೊಳ್ಳಿ. ಎಸ್‌ಎಂಬಿಡಿ, ಎನ್‌ಎಂಬಿಡಿ, ವಿನ್‌ಬೈಂಡ್ ಎಂಬ ಮೂರು ಸೇವೆಗಳನ್ನು ಸಿಸ್ಟಮ್‌ಸಿಟಿಎಲ್ ಮೂಲಕ ನಿಲ್ಲಿಸಿ, ಮತ್ತೆ ಏಳದಂತೆ ಮಾಸ್ಕ್ ಮಾಡಿ. ಡೊಮೇನ್ ನಡೆಸುವಾಗ ಒಂದೇ ಸಾಂಬಾ ಸೇವೆ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಇಟಿಸಿ ಒಳಗಿನ ಸಾಂಬಾ ಫೋಲ್ಡರಿನಲ್ಲಿರುವ ಎಸ್‌ಎಂಬಿ ಡಾಟ್ ಕಾನ್ಫ್ ಫೈಲಿನ ಹೆಸರು ಬದಲಿಸಿ ಪಕ್ಕಕ್ಕಿಡಿ. ಅದು ಇದ್ದರೆ ಮುಂದಿನ ಹೆಜ್ಜೆ ನಡೆಯುವುದಿಲ್ಲ.

ಈಗ ಮುಖ್ಯ ಆಜ್ಞೆ: ಸುಡೊ ಸಾಂಬಾ-ಟೂಲ್ ಡೊಮೇನ್ ಪ್ರೊವಿಷನ್, ಕೊನೆಗೆ ಎರಡು ಅಡ್ಡಗೆರೆ ಹಾಕಿ ಇಂಟರಾಕ್ಟಿವ್. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ. ರೆಲ್ಮ್ ಕೇಳಿದಾಗ ಪೂರ್ತಿ ಡೊಮೇನ್ ಹೆಸರನ್ನು ದೊಡ್ಡ ಅಕ್ಷರದಲ್ಲಿ ಕೊಡಿ. ಡೊಮೇನ್ ಕೇಳಿದಾಗ ಚಿಕ್ಕ ಹೆಸರು. ಪಾತ್ರ ಡಿಸಿ, ಅಂದರೆ ಡೊಮೇನ್ ನಡೆಸುವ ಸರ್ವರ್. ಡಿಎನ್‌ಎಸ್‌ಗೆ, ಅಂದರೆ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಸೇವೆಗೆ, ಸಾಂಬಾ ಇಂಟರ್ನಲ್. ಫಾರ್ವರ್ಡರ್ ಎಂದರೆ ಹೊರಗಿನ ವೆಬ್‌ಸೈಟುಗಳ ವಿಳಾಸವನ್ನು ಸರ್ವರ್ ಯಾರನ್ನು ಕೇಳಬೇಕು ಎಂಬುದು. ಅಲ್ಲಿ ರೌಟರಿನ ವಿಳಾಸ ಕೊಡಿ. ಕೊನೆಗೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಅದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮಾಲೀಕರ ಬೀರುವಿನಲ್ಲಿ ಇಡಿಸಿ. ನಿಮಗೆ ನಾಳೆ ಏನಾದರೂ ಆದರೆ ಆಫೀಸು ಕೈಕಟ್ಟಿ ಕೂರಬಾರದು.

ಸಾಂಬಾ ಒಂದು ಕೆಆರ್‌ಬಿ5 ಡಾಟ್ ಕಾನ್ಫ್ ಫೈಲ್ ಮಾಡಿಕೊಟ್ಟಿರುತ್ತದೆ, ಎಲ್ಲಿದೆ ಎಂದು ಅದೇ ಹೇಳುತ್ತದೆ. ಅದನ್ನು ಇಟಿಸಿ ಫೋಲ್ಡರಿಗೆ ನಕಲು ಮಾಡಿ. ಉಬುಂಟುವಿನ ಸಿಸ್ಟಮ್‌ಡಿ-ರಿಸಾಲ್ವ್ಡ್ ಸೇವೆ ನಿಲ್ಲಿಸಿ, ರಿಸಾಲ್ವ್ ಡಾಟ್ ಕಾನ್ಫ್ ಕೊಂಡಿಯನ್ನು ಅಳಿಸಿ, ಅದೇ ಹೆಸರಿನ ಹೊಸ ಫೈಲಿನಲ್ಲಿ ಸರ್ವರಿನ ಸ್ವಂತ ವಿಳಾಸ ಬರೆಯಿರಿ. ಆಮೇಲೆ ಸಾಂಬಾ-ಎಡಿ-ಡಿಸಿ ಸೇವೆಯನ್ನು ಅನ್‌ಮಾಸ್ಕ್ ಮಾಡಿ, ಎನೇಬಲ್ ಮಾಡಿ, ಶುರು ಮಾಡಿ.

ಡಿಎನ್‌ಎಸ್: ಹೆಚ್ಚಿನವರು ಎಡವುವುದು ಇಲ್ಲೇ

ಡೊಮೇನ್ ಕೆಟ್ಟಿದೆ ಎಂದು ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಪಾಲು ಡಿಎನ್‌ಎಸ್‌ನದ್ದು. ಕಾರಣ ಸರಳ. ವಿಂಡೋಸ್ ಯಂತ್ರ ಡೊಮೇನ್ ಸರ್ವರ್ ಎಲ್ಲಿದೆ ಎಂದು ಡಿಎನ್‌ಎಸ್ ಅನ್ನೇ ಕೇಳುತ್ತದೆ. ಹೊರಗಿನ ಡಿಎನ್‌ಎಸ್‌ಗೆ ನಿಮ್ಮ ಆಫೀಸಿನ ಒಳಗಿನ ಸುದ್ದಿ ಗೊತ್ತಿರುವುದಿಲ್ಲ.

ಹಾಗಾಗಿ ರೌಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಪುಟಕ್ಕೆ ಹೋಗಿ, ಡಿಎನ್‌ಎಸ್ ಜಾಗದಲ್ಲಿ 192.168.1.10 ಒಂದನ್ನೇ ಹಾಕಿ. ಎರಡನೆಯ ಜಾಗದಲ್ಲಿ '8.8.8.8 ಇರಲಿ, ಸುರಕ್ಷತೆಗೆ' ಎಂದು ಗೂಗಲ್‌ನ ಡಿಎನ್‌ಎಸ್ ಹಾಕಬೇಡಿ. ವಿಂಡೋಸ್ ಯಾವಾಗಲೋ ಒಮ್ಮೆ ಅದನ್ನು ಕೇಳುತ್ತದೆ, 'ಅಂಥ ಡೊಮೇನ್ ಇಲ್ಲ' ಎಂಬ ಉತ್ತರ ಪಡೆಯುತ್ತದೆ, ನಂಬಿಬಿಡುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ ಎಂಬಂಥ ತೊಂದರೆ ಹುಟ್ಟುವುದು ಹೀಗೆ.

ಇನ್ನೊಂದು ಬಲೆ ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ. ಫೈಬರ್ ಸಂಪರ್ಕದ ರೌಟರುಗಳು ಐಪಿವಿ6 ಡಿಎನ್‌ಎಸ್ ವಿಳಾಸವನ್ನೂ ಬೇರೆಯಾಗಿ ಸಾರುತ್ತಿರುತ್ತವೆ. ನೀವು ಐಪಿವಿ4 ಕಡೆ ಎಲ್ಲ ಸರಿ ಮಾಡಿದ್ದರೂ ಯಂತ್ರಗಳು ಆ ದಾರಿಯಲ್ಲಿ ಹೊರಗೆ ಹೋಗಿ ಕೇಳುತ್ತವೆ. ರೌಟರಿನಲ್ಲಿ ಅದನ್ನು ಸಾರುವುದನ್ನು ನಿಲ್ಲಿಸಿ. ಕೆಲವು ರೌಟರುಗಳು ಡಿಎನ್‌ಎಸ್ ಬದಲಿಸಲು ಬಿಡುವುದೇ ಇಲ್ಲ. ಆಗ ಸ್ವಂತ ರೌಟರ್ ಒಂದನ್ನು ಹಾಕಿಸುವುದು ಒಳ್ಳೆಯದು, ಇಲ್ಲವಾದರೆ ಪ್ರತಿ ಯಂತ್ರದಲ್ಲೂ ಕೈಯಿಂದ ಬರೆಯಬೇಕು.

ಪರೀಕ್ಷೆ ಸುಲಭ. ಯಾವುದಾದರೂ ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಎನ್‌ಎಸ್‌ಲುಕಪ್ ಎಂದು ಬರೆದು ಮುಂದೆ ಡೊಮೇನಿನ ಹೆಸರು ಕೊಡಿ. 192.168.1.10 ಬಂತು ಎಂದರೆ ಮುಂದೆ ಹೋಗಿ. ಬರಲಿಲ್ಲ ಎಂದರೆ ಹೋಗಬೇಡಿ.

ಗಡಿಯಾರ

ಲಾಗಿನ್ ಹಿಂದೆ ಕೆಲಸ ಮಾಡುವುದು ಕರ್ಬೆರಾಸ್ ಎಂಬ ವ್ಯವಸ್ಥೆ. ಸರ್ವರಿನ ಸಮಯಕ್ಕೂ ಯಂತ್ರದ ಸಮಯಕ್ಕೂ 5 ನಿಮಿಷಕ್ಕಿಂತ ಜಾಸ್ತಿ ಅಂತರ ಬಂದರೆ ಅದು ಒಪ್ಪುವುದಿಲ್ಲ. ಭಾನುವಾರ ಕರೆಂಟ್ ಹೋಗಿ ಸೋಮವಾರ ಒಂದೇ ಯಂತ್ರಕ್ಕೆ ಫೋಲ್ಡರ್ ತೆರೆಯುತ್ತಿಲ್ಲ ಎಂದರೆ ಅದರ ಮೂಲೆಯ ತಾರೀಖು ನೋಡಿ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿರುತ್ತದೆ. ವಾಚಿನ ಅಂಗಡಿಯಲ್ಲೂ ಸಿಗುವ ಸೆಲ್ ಅದು.

ಸರ್ವರಿನಲ್ಲಿ ಸಮಯ ಹೊಂದಿಸುವ ಕ್ರೋನಿ ತಂತ್ರಾಂಶ ಹಾಕಿ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ ಜೋಡಿಸಿ. ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್ ಎಂಬುದು ಅದರ ವಿಳಾಸ. ಭಾರತದ ಸಮಯ ಕಾಯುವುದೇ ಆ ಸಂಸ್ಥೆ. ಕ್ರೋನಿಯ ಸೆಟ್ಟಿಂಗ್ ಫೈಲಿನಲ್ಲಿ ನಿಮ್ಮ ನೆಟ್‌ವರ್ಕಿಗೆ ಅನುಮತಿ ಕೊಡುವ ಅಲೌ ಸಾಲು ಮತ್ತು ಸಾಂಬಾ ಜೊತೆ ಮಾತಾಡುವ ಎನ್‌ಟಿಪಿಸೈನ್‌ಡಿಸಾಕೆಟ್ ಸಾಲು ಎರಡೂ ಬೇಕು.

ಪಾಸ್‌ವರ್ಡ್ ನಿಯಮ

ಸಾಂಬಾ ತಾನಾಗಿ ಇಟ್ಟುಕೊಳ್ಳುವ ನಿಯಮ: ಕನಿಷ್ಠ 7 ಅಕ್ಷರ, 42 ದಿನಕ್ಕೊಮ್ಮೆ ಬದಲಾವಣೆ. 42 ದಿನಕ್ಕೊಮ್ಮೆ ಬದಲಿಸಿ ಎಂದರೆ ಜನ ಕೊನೆಯ ಅಂಕಿ ಮಾತ್ರ ಬದಲಿಸುತ್ತಾರೆ, ಇಲ್ಲವೇ ಚೀಟಿ ಬರೆದು ಕೀಬೋರ್ಡಿನ ಕೆಳಗೆ ಇಡುತ್ತಾರೆ. ನಾನು ಕನಿಷ್ಠ 12 ಅಕ್ಷರ ಮಾಡಿ, ಅವಧಿ ತೆಗೆದುಬಿಡುತ್ತೇನೆ. ಹತ್ತು ಸಲ ತಪ್ಪು ಹೊಡೆದರೆ ಸ್ವಲ್ಪ ಹೊತ್ತು ಬೀಗ ಬೀಳುವ ಹಾಗೆ ಮಾಡುತ್ತೇನೆ. ಇದನ್ನು ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಜಾಗ) ಹುಡುಕಬೇಡಿ. ಸಾಂಬಾದಲ್ಲಿ ಸಾಂಬಾ-ಟೂಲ್ ಡೊಮೇನ್ ಪಾಸ್‌ವರ್ಡ್‌ಸೆಟ್ಟಿಂಗ್ಸ್ ಸೆಟ್ ಎಂಬ ಆಜ್ಞೆಯಿಂದಲೇ ಮಾಡಬೇಕು. ಮರೆತರೆ 43ನೇ ದಿನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡೇ ಅವಧಿ ಮೀರಿರುತ್ತದೆ.

12 ಅಕ್ಷರ ಎಂದರೆ ಜನ ಹೆದರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕನ್ನಡ ಪದ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ ಎಂದು ಹೇಳಿಕೊಡಿ. ಕೊಡೆ, ಹುಣಸೆ, ರೈಲು ಎಂಬ ಹಾಗೆ. ನಡುವೆ ಒಂದು ದೊಡ್ಡ ಅಕ್ಷರ, ಒಂದು ಅಂಕಿ ಇರಲಿ. ಎರಡು ದಿನದಲ್ಲಿ ಕೈಗೆ ರೂಢಿಯಾಗುತ್ತದೆ.

ಹೆಸರು, ಗುಂಪು ಸೇರಿಸುವುದು

ಇನ್ನು ಮುಂದೆ ಲಿನಕ್ಸ್ ಪರದೆ ಮುಟ್ಟುವುದು ಕಡಿಮೆ. ಒಂದು ವಿಂಡೋಸ್ ಪ್ರೊ ಯಂತ್ರವನ್ನು ಡೊಮೇನಿಗೆ ಸೇರಿಸಿ. ರನ್ ಪೆಟ್ಟಿಗೆಯಲ್ಲಿ ಸಿಸ್‌ಡಿಎಂ ಡಾಟ್ ಸಿಪಿಎಲ್ ಎಂದು ಹೊಡೆದು, ಚೇಂಜ್ ಒತ್ತಿ, ಡೊಮೇನ್ ಹೆಸರು ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ. ಸೇರಿ ರೀಸ್ಟಾರ್ಟ್ ಆದ ಮೇಲೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಿಂದ ಸರ್ವರನ್ನು ದೂರದಿಂದಲೇ ನೋಡಿಕೊಳ್ಳುವ ಆರ್‌ಎಸ್‌ಎಟಿ ಹೆಸರಿನ ಉಪಕರಣಗಳಲ್ಲಿ ಆಕ್ಟಿವ್ ಡೈರೆಕ್ಟರಿ, ಗ್ರೂಪ್ ಪಾಲಿಸಿ, ಡಿಎನ್‌ಎಸ್ ಮೂರನ್ನೂ ಹಾಕಿಕೊಳ್ಳಿ. ಮೌಸಿನಿಂದಲೇ ಎಲ್ಲ ಮಾಡಬಹುದು.

ಮೊದಲು ಆಫೀಸಿನ ಹೆಸರಿನಲ್ಲಿ ಒಂದು ಓಯು (ಖಾತೆಗಳನ್ನು ವಿಂಗಡಿಸಿಡುವ ಪೆಟ್ಟಿಗೆ) ಮಾಡಿ, ಅದರೊಳಗೆ ಜನರಿಗೆ ಒಂದು, ಯಂತ್ರಗಳಿಗೆ ಒಂದು. ಯೂಸರ್ಸ್, ಕಂಪ್ಯೂಟರ್ಸ್ ಎಂದು ಮೊದಲೇ ಇರುವ ಎರಡು ಪೆಟ್ಟಿಗೆಗಳಿಗೆ ನೇರವಾಗಿ ಗ್ರೂಪ್ ಪಾಲಿಸಿ ಕಟ್ಟಲು ಆಗುವುದಿಲ್ಲ. ಕಾಗದದ ಪಟ್ಟಿ ಎದುರಿಗಿಟ್ಟುಕೊಂಡು ಜನರನ್ನು ಸೇರಿಸಿ, ಗುಂಪು ಮಾಡಿ. ಫೋಲ್ಡರಿನ ಅನುಮತಿ ಯಾವಾಗಲೂ ಗುಂಪಿಗೇ ಕೊಡಿ, ಒಬ್ಬರ ಹೆಸರಿಗೆ ಕೊಡಬೇಡಿ, ಆ ಗುಂಪಿನಲ್ಲಿ ಒಬ್ಬರೇ ಇದ್ದರೂ ಸರಿ. ನಿಮಗೂ ಎರಡು ಖಾತೆ ಇರಲಿ: ದಿನದ ಕೆಲಸಕ್ಕೆ ಒಂದು, ಅಡ್ಮಿನ್ ಕೆಲಸಕ್ಕೆ ಒಂದು.

ಆಫೀಸಿನ ಫೈಲುಗಳನ್ನು ಡೊಮೇನ್ ನಡೆಸುವ ಯಂತ್ರದಲ್ಲೇ ಇಡಬೇಡಿ ಎಂದು ಸಾಂಬಾದವರೇ ಹೇಳುತ್ತಾರೆ. ಬೇರೆ ಯಂತ್ರ ಅಥವಾ ಡೊಮೇನಿಗೆ ಸೇರಬಲ್ಲ ನಾಸ್ (ನೆಟ್‌ವರ್ಕಿನಲ್ಲಿ ಫೈಲು ಇಡುವ) ಪೆಟ್ಟಿಗೆ ಇರಲಿ. ಗ್ರೂಪ್ ಪಾಲಿಸಿಯಲ್ಲಿ ಮೊದಲಿಗೆ ಎರಡೇ ನಿಯಮ ಸಾಕು: ಗುಂಪಿಗೆ ತಕ್ಕ ಫೋಲ್ಡರ್ ತಾನಾಗಿ ಡ್ರೈವ್ ಆಗಿ ಕಾಣುವುದು, ಹತ್ತು ನಿಮಿಷ ಬಿಟ್ಟರೆ ಪರದೆಗೆ ಬೀಗ ಬೀಳುವುದು.

ಜನರನ್ನು ಹೊಸ ಲಾಗಿನ್‌ಗೆ ತರುವುದು

ದಿನ ನೋಡಿ ಮಾಡಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಕಟ್ಟುವ ಆಫೀಸಾದರೆ 20 ಕಳೆದ ಮೇಲಿನ ಶನಿವಾರ ಆರಿಸಿ. ಮೊದಲ ವಾರ ಒಂದೇ ಯಂತ್ರ ಬದಲಿಸಿ. ತೊಂದರೆ ಬಂದರೂ ತಾಳ್ಮೆಯಿಂದ ಹೇಳುವವರ ಯಂತ್ರ ಇರಲಿ ಅದು.

ಡೊಮೇನಿಗೆ ಸೇರಿಸಿದರೆ ಹಳೆಯ ಡೆಸ್ಕ್‌ಟಾಪ್ ಜೊತೆಗೆ ಬರುವುದಿಲ್ಲ. ವಿಂಡೋಸಿಗೆ ಇದು ಹೊಸ ಮನುಷ್ಯ, ಖಾಲಿ ಪರದೆ ಕೊಡುತ್ತದೆ. ಹತ್ತು ವರ್ಷದ ಫೈಲು ಕಾಣದೆ ಎದೆ ಧಸಕ್ ಎಂದವರನ್ನು ನೋಡಿದ್ದೇನೆ. ಫೈಲುಗಳು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಹಳೆಯ ಹೆಸರಿನೊಳಗೆ ಹಾಗೇ ಇರುತ್ತವೆ ಎಂದು ಮೊದಲೇ ಧೈರ್ಯ ಹೇಳಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಸೇರಿಸುವ ಮುಂಚೆಯೇ ಹೊರತೆಗೆಯಿರಿ, ಹೊಸ ಖಾತೆಗೆ ತುಂಬಿದ ಕೂಡಲೇ ಆ ಫೈಲನ್ನು ಅಳಿಸಿ. ಅಡ್ಮಿನ್ ಆಗಿ ಒಳಹೋಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ನಕಲು ಮಾಡಿ. ಹಳೆಯದನ್ನು ಒಂದು ತಿಂಗಳು ಅಳಿಸಬೇಡಿ.

ನಮ್ಮ ಆಫೀಸುಗಳಿಗೇ ಸೇರಿದ ಒಂದು ವಿಷಯ ಇದೆ: ನುಡಿ ಫಾಂಟುಗಳು. ಈಚಿನ ವಿಂಡೋಸ್‌ನಲ್ಲಿ ಫಾಂಟ್ ಮೇಲೆ ಇನ್‌ಸ್ಟಾಲ್ ಎಂದಷ್ಟೇ ಒತ್ತಿದರೆ ಅದು ಆ ಒಬ್ಬ ಬಳಕೆದಾರರಿಗೆ ಮಾತ್ರ ಸೇರುತ್ತದೆ. ಹೊಸ ಲಾಗಿನ್‌ನಲ್ಲಿ ಹಳೆಯ ಪತ್ರ ತೆರೆದರೆ ಕನ್ನಡದ ಬದಲು ಅರ್ಥವಾಗದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಫೈಲ್ ಹಾಳಾಗಿಲ್ಲ. ಅಡ್ಮಿನ್ ಆಗಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಟ್ಟರೆ ಸರಿಯಾಗುತ್ತದೆ.

ಟ್ಯಾಲಿಗೆ ಅದರದ್ದೇ ಬಳಕೆದಾರರ ಪಟ್ಟಿ ಇದೆ, ಡೊಮೇನ್ ಅದನ್ನು ಬದಲಿಸುವುದಿಲ್ಲ. ಟ್ಯಾಲಿ ಡೇಟಾ ಫೋಲ್ಡರಿನಲ್ಲಿ ಅಕೌಂಟ್ಸ್ ಗುಂಪಿಗೆ ಓದುವ ಜೊತೆ ಬರೆಯುವ ಅನುಮತಿಯೂ ಇದೆಯೇ ನೋಡಿ. ಡಿಜಿಟಲ್ ಸಹಿಯ ಟೋಕನ್ ಹಾಕಿ ಪೋರ್ಟಲ್ ತೆರೆದು ನೋಡಿ, ಒಂದು ಪ್ರಿಂಟ್ ತೆಗೆದು ನೋಡಿ. ಪಿನ್ ಹೊಡೆದು ಒಳಹೋಗುವ ಅಭ್ಯಾಸ ಇದ್ದವರಿಗೆ ಇನ್ನು ಅದು ಇರುವುದಿಲ್ಲ ಎಂದು ಹೇಳಿ. ಹೊರಗೆ ಒಯ್ಯುವ ಲ್ಯಾಪ್‌ಟಾಪ್‌ನಲ್ಲಿ ಮೊದಲ ಲಾಗಿನ್ ಆಫೀಸಿನಲ್ಲೇ ಆಗಬೇಕು. ಆಮೇಲೆ ವಿಂಡೋಸ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಸರ್ವರ್ ಸಿಗದಿದ್ದರೂ ಒಳಗೆ ಬಿಡುತ್ತದೆ.

ಪ್ರತಿ ಯಂತ್ರದಲ್ಲೂ ಒಂದು ಲೋಕಲ್ ಅಡ್ಮಿನ್ ಖಾತೆ ಉಳಿಸಿ, ಪಾಸ್‌ವರ್ಡ್ ಒಂದೊಂದಕ್ಕೂ ಬೇರೆ ಇರಲಿ. ಡೊಮೇನ್ ಕೈಕೊಟ್ಟ ದಿನ ಚುಕ್ಕೆ, ಬ್ಯಾಕ್‌ಸ್ಲ್ಯಾಶ್, ಆಮೇಲೆ ಆ ಹೆಸರು ಹೊಡೆದು ಒಳಹೋಗಬಹುದು.

ಯಾರಾದರೂ ಬಿಟ್ಟು ಹೋದಾಗ

ಖಾತೆಯನ್ನು ಡಿಸೇಬಲ್ ಮಾಡಿ, ಅಳಿಸಬೇಡಿ. ಫೋಲ್ಡರಿನ ಅನುಮತಿ ಹೆಸರಿಗಲ್ಲ, ಹಿಂದಿರುವ ಒಂದು ಗುರುತಿನ ಸಂಖ್ಯೆಗೆ ಕಟ್ಟಿರುತ್ತದೆ. ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೂ ಸಂಖ್ಯೆ ಬೇರೆಯಾಗುತ್ತದೆ. ಡಿಸೇಬಲ್ ಮಾಡಿದ ಕೂಡಲೇ ಅವರ ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಲಾಗಿನ್ ಆದಾಗ ಪ್ರವೇಶದ ಚೀಟಿಯಂತೆ ಮೊದಲೇ ಪಡೆದ ಕರ್ಬೆರಾಸ್ ಟಿಕೆಟ್ 10 ಗಂಟೆ ತನಕ ಜೀವ ಹಿಡಿದಿರಬಹುದು.

ಬ್ಯಾಕಪ್

ಆಗುವುದಾದರೆ ಎರಡನೆಯ ಡೊಮೇನ್ ಸರ್ವರ್ ಇಡಿ. ಇದ್ದರೂ ಬ್ಯಾಕಪ್ ಬೇಕೇ ಬೇಕು, ಯಾಕೆಂದರೆ ತಪ್ಪಾಗಿ ಅಳಿಸಿದ ಹೆಸರು ಎರಡರಲ್ಲೂ ಅಳಿಯುತ್ತದೆ. ಸಾಂಬಾ-ಟೂಲ್ ಡೊಮೇನ್ ಬ್ಯಾಕಪ್ ಆಫ್‌ಲೈನ್ ಎಂಬ ಆಜ್ಞೆಯನ್ನು ರಾತ್ರಿ ತಾನಾಗಿ ಓಡುವಂತೆ ಕ್ರಾನ್‌ನಲ್ಲಿ ಹಾಕಿ. ಬರುವ ಫೈಲನ್ನು ಬೇರೆ ಯಂತ್ರಕ್ಕೆ ಕಳಿಸಿ. ಅದರಲ್ಲಿ ಎಲ್ಲರ ಪಾಸ್‌ವರ್ಡಿನ ಗುಟ್ಟು ಇರುತ್ತದೆ, ಹಂಚಿಕೆ ಫೋಲ್ಡರಿನಲ್ಲಿ ಬಿಡಬೇಡಿ.

ಮೊದಲ ತಿಂಗಳಲ್ಲೇ ಒಂದು ಸಲ ಮರಳಿ ತಂದು ನೋಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ವರ್ಚುವಲ್ ಯಂತ್ರ ಮಾಡಿ, ಆಫೀಸಿನ ನೆಟ್‌ವರ್ಕಿಗೆ ತಾಗದಂತೆ ಇಟ್ಟು, ಬ್ಯಾಕಪ್ ರಿಸ್ಟೋರ್ ಆಜ್ಞೆ ಕೊಡಿ. ಹೊಸ ಸರ್ವರಿಗೆ ಹೊಸ ಹೆಸರೇ ಬೇಕು ಎಂದು ಅದು ಕೇಳುತ್ತದೆ, ಹಳೆಯ ಹೆಸರು ಕೊಟ್ಟರೆ ಒಪ್ಪುವುದಿಲ್ಲ. ಮುಗಿದ ಮೇಲೆ ಸಾಂಬಾ-ಟೂಲ್ ಯೂಸರ್ ಲಿಸ್ಟ್ ಎಂದು ಹೊಡೆದು, ಬಂದ ಹೆಸರುಗಳನ್ನು ಆ ಮೊದಲ ದಿನದ ಹಾಳೆಯ ಜೊತೆ ಒಂದೊಂದಾಗಿ ತಾಳೆ ನೋಡಿ.